ಮೀನಿಗೇ ಮಾವ

ವಿಮಾನ ಹಡಗಿನ ಮೇಲೆ ನೆಟ್ಟಗೆ ಇಳಿಯಿತು. ಅದಕ್ಕೆ ಬಾಂಬು ಕಟ್ಟುವವನು, ಹಡಗಿನವರೆಲ್ಲರ ‘ಮಾವ’, ರೆಕ್ಕೆಯ ಕೆಳಗೆ ಬಗ್ಗಿ ನೋಡಿದ. ಖಾಲಿ. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಡೆಕ್ಕು ಗೇಣುದ್ದ, ಭಾರ ಹೊತ್ತು ಇಳಿಯುವ ಹಾಗಿಲ್ಲ. ಗುರಿ ಸಿಗದಿದ್ದರೆ ಬಾಂಬನ್ನು ಕಡಲಿಗೆ ಕೆಡವಿಯೇ ಬರಬೇಕು.

ಅದಕ್ಕೇ ಪ್ರತಿ ಸಲ ಮಾವ ಪೈಲಟ್‌ನನ್ನು ಕೇಳುತ್ತಿದ್ದ, “ಮೀನಿಗೇ ಹಾಕಿದ್ಯೇನಪ್ಪಾ?” ಅವನು “ಮೀನಿಗೇ ಮಾವ” ಎಂದು ನಗುತ್ತಿದ್ದ. ಅಷ್ಟು ಕೇಳಿದರೆ ಮಾವನಿಗೆ ಊಟ ಸೇರುತ್ತಿತ್ತು.

ಇವತ್ತೂ ಕೇಳಿದ.

“ಮೀನಿಗೇ ಮಾವ,” ಎಂದ ಪೈಲಟ್. ಏಣಿಯಿಂದ ಇಳಿದವನು ಹೆಲ್ಮೆಟ್ ತೆಗೆಯಲಿಲ್ಲ, ರೆಕ್ಕೆಯಡಿಯ ಖಾಲಿ ಕೊಕ್ಕೆ ಹಿಡಿದು ನಿಂತುಬಿಟ್ಟ. ಮೆಲ್ಲಗೆ ಕೇಳಿದ, “ಮಾವ, ಮೀನುಗಳು ಮಕ್ಕಳನ್ನ ಎತ್ಕೊಂಡು ಓಡ್ತಾವಾ?”