ಮಹಾದೇವಮ್ಮ ಮಾಡಿಸಿದ ಕುರ್ಚಿ

ಹಿಂದಿನ ಎಡಗಾಲಿಗೆ ಗೆದ್ದಲು ಹತ್ತಿತ್ತು. ಷಡಕ್ಷರಿ ಕುರ್ಚಿಯನ್ನು ಮಗ್ಗುಲಾಗಿ ಕೆಡವಿ, ಮಣ್ಣಿನ ಗೆರೆಯನ್ನು ಚಾಕುವಿನ ತುದಿಯಿಂದ ಕೆರೆದರು. ಹುಳು ಮರದೊಳಗೆ ಇಳಿದಿರಲಿಲ್ಲ. ಸದ್ಯ.

"ಅದ್ಯಾಕೆ ಅದ್ರ ಹಿಂದೆ ಬಿದ್ದಿದ್ದೀರಿ?" ಹೆಂಡತಿ ಮಹಾದೇವಮ್ಮ ಜಗಲಿಯಿಂದಲೇ ಕೂಗಿದಳು. "ಅಷ್ಟು ದಿವ್ಸ ಬಾಳ್ಲಿ ಅಂತ ಮಾಡ್ಸಿದ್ದಲ್ಲ ಅದು."

"ಮಾಡ್ಸಿದ್ದು ನೀನು. ಬಾಳ್ಸೋದು ನನ್ ಕೆಲ್ಸ."

ಅವಳು ಒಳಗೆ ಹೋದಳು.

ಷಡಕ್ಷರಿ ಕೊಳ್ಳೇಗಾಲದಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮಧುವನಹಳ್ಳಿಯ ಈ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತು ಬತ್ತಿ ಎಷ್ಟೋ ವರ್ಷವಾಗಿತ್ತು. ತಾನು ಇವಳಿಗೆ ಬೇಡ ಎಂಬುದು ಅವರಿಗೆ ಖಚಿತವಾಗಿತ್ತು. ಉಳಿದ ಆಯಸ್ಸನ್ನು ಯಳಂದೂರಿನ ತಂಗಿಯ ಮನೆಯಲ್ಲಿ ಕಳೆಯುವುದೆಂದು ಟ್ರಂಕು ಕಟ್ಟಿಟ್ಟಿದ್ದರು. ಅಷ್ಟರಲ್ಲಿ ಎದೆನೋವು ಬಂತು. ಕರೆದೊಯ್ಯಲೆಂದು ಬಂದಿದ್ದ ತಂಗಿಯ ಗಂಡನೇ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ದ.

ವಾರದ ಮೇಲೆ ಮನೆಗೆ ಬಂದಾಗ ಅಂಗಳದ ಹೊಂಗೆಯ ಕೆಳಗೆ ಈ ಕುರ್ಚಿ ಇತ್ತು. ಹೊಚ್ಚ ಹೊಸದು. ಎತ್ತರದ ಬೆನ್ನು. ಕೈಗಳ ಕೆಳಗೆ ಎರಡೆರಡು ಕಬ್ಬಿಣದ ಬಳೆ: ನೆರಳು ಸರಿದಂತೆ ಎತ್ತಿ ಇಡಲು. ಎದೆಯ ಮಟ್ಟಕ್ಕೆ ನವಾರಿನ ಪಟ್ಟಿ: ನಿತ್ರಾಣದವನು ಮುಂದಕ್ಕೆ ಬೀಳದಿರಲು. ಎಲ್ಲವನ್ನೂ ಯೋಚಿಸಿದ್ದಾಳೆ. ಷಡಕ್ಷರಿ ನೇರ ಹೋಗಿ ಕೂತರು. ಅಳತೆ ತೆಗೆದಂತೆ ಹೊಂದಿತು. ಮಹಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವರು ಲೆಕ್ಕ ಹಾಕಿದರು. ಇಂಥ ಕುರ್ಚಿಗೆ ಬಡಗಿಗೆ ಒಂದು ವಾರ ಬೇಕು. ಅಂದರೆ ಆಂಬುಲೆನ್ಸ್ ಹೊರಟ ದಿನವೇ ಹೇಳಿಬಂದಿದ್ದಾಳೆ. ಡಾಕ್ಟರೇ ಬಾಯಿ ಬಿಡದ ಹೊತ್ತಿನಲ್ಲಿ ಅವಳಿಗೆ ಒಂದಿಷ್ಟೂ ಸಂಶಯವಿರಲಿಲ್ಲ!

ಆ ಸಂಜೆ ಟ್ರಂಕು ಬಿಚ್ಚಿದರು.

ಮರ ಮಾತ್ರ ಸಿಲ್ವರ್ ಓಕ್. ಹಗುರ, ಬಯಲಲ್ಲಿಟ್ಟರೆ ಒಂದು ಮಳೆಗಾಲ ತಡೆಯದು. ಸ್ಕ್ರೂ ಇಲ್ಲ, ಬರೀ ಮೊಳೆ. ಎಣ್ಣೆ ಸೋಕಿಸಿಯೇ ಇಲ್ಲ. ಪಾಪ, ಅವಳಿಗೇನು ಗೊತ್ತು. ಷಡಕ್ಷರಿ ಮರದ ಎಳೆಯ ಗುಂಟ ಸ್ಯಾಂಡ್ ಪೇಪರ್ ಉಜ್ಜಿದರು. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಅದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವವರೆಗೆ ಕಾದು, ಮತ್ತೆ ಸವರಿದರು. ಕಾಲುಗಳ ಕೆಳಗೆ ಕಲ್ಲಿನ ತುಂಡು ಕೊಟ್ಟರು. ಬಳೆಗಳಿಗೆ ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚಿದರು.

ಒಮ್ಮೆ ಪಕ್ಕದ ಮನೆಯ ಪುಟ್ಟಮಲ್ಲಪ್ಪ ಗೇಟಿನ ಹತ್ತಿರ ಬಂದವನು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅವರನ್ನು ಕಂಡು ಚಪ್ಪಲಿ ಕಳಚಿ ನಿಂತ. ಅವರು ಕೆಮ್ಮಿದ್ದೇ ಬೆಚ್ಚಿಬಿದ್ದ.

"ಗಟ್ಟಿ ಪಿಂಡ ಕಣ್ರಿ ಮೇಷ್ಟ್ರೇ ನೀವು!" ಎಂದು ಜೋರಾಗಿ ನಕ್ಕು, ಒಳಗೆ ಬಾರದೆ ಹೊರಟುಹೋದ.

ಹೆಂಡತಿಯನ್ನೂ ಒಂದು ಸಲ ಕೂರಲು ಕರೆದರು.

"ಶಿವ್ನೇ, ನಾನೊಲ್ಲೆ! ನಂಗೇನಾಗದೆ?"

ಸಂಕೋಚ, ಅಂದುಕೊಂಡರು ಷಡಕ್ಷರಿ. ಗಂಡನಿಗೆಂದು ಮಾಡಿಸಿದ್ದರಲ್ಲಿ ಅವಳು ಕೂರುವವಳಲ್ಲ. ಹಾಗಾದರೆ ಅವಳದೇ ಒಂದಿರಲಿ. ಹೊಂಗೆಯ ಕೆಳಗೆ ಜೋಡಿ ಕುರ್ಚಿ. ಇಷ್ಟು ವರ್ಷ ಆಡದ ಮಾತುಗಳನ್ನು ಅಲ್ಲಿ ಆಡಬಹುದು.

ಅವಳಿಗೆ ಹೇಳದೆ ಕೊಳ್ಳೇಗಾಲದ ಬಸ್ಸು ಹತ್ತಿದರು. ಕುರ್ಚಿ ತಂದಿಳಿಸಿದ್ದ ಆಟೋದವನಿಂದ ಬಡಗಿ ಬಸವಣ್ಣನ ವಿಳಾಸ ಸಿಕ್ಕಿತ್ತು. ಬಡಗಿಯೂ ಅವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಷಡಕ್ಷರಿ ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ತೋರಿಸಿದರು.

"ಇಂಥದ್ದೇ ಇನ್ನೊಂದು ಬೇಕಪ್ಪ. ನಮ್ಮನೆಯವರಿಗೆ. ಎತ್ತರ ಒಂಚೂರು ಕಮ್ಮಿ ಇರ್ಲಿ."

ಬಸವಣ್ಣ ಹಾಡು ಕೇಳುತ್ತ ಉಳಿ ಮಸೆಯುತ್ತಿದ್ದ. ಫೋಟೋ ನೋಡಿದ. "ಇದು ಮಧುವನಳ್ಳಿ ಮಾದೇವಮ್ಮೋರು ಮಾಡ್ಸಿದ್ದಲ್ವಾ ಸಾ? ಎಣ್ಣೆಗಿಣ್ಣೆ ಹಚ್ಚಿ ಪಳಪಳ ಅನ್ಸವ್ರೆ! ಯಜಮಾನ್ರನ್ನ ಆಸ್ಪತ್ರೆಗೆ ಕರ್ಕಂಡೋದ ದಿನ್ವೇ ಬಂದು ಏಳೋಗಿದ್ರು ಆವಮ್ಮ."

ಆ ದಿನವೇ. ಲೆಕ್ಕ ಸರಿಯಾಗಿತ್ತು. ಷಡಕ್ಷರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅದನ್ನು ಕಂಡ ಬಸವಣ್ಣ ಹಾಡು ನಿಲ್ಲಿಸಿದ. ಉಳಿ ಕೆಳಗಿಟ್ಟು ಎದ್ದು ನಿಂತು, ದನಿ ತಗ್ಗಿಸಿ ಕೇಳಿದ:

"ನಾಳೇಗೇ ಮಣ್ಣು ಅಂದ್ರೆ ನನ್ ಕೈಲಾಗಾಕಿಲ್ಲ ಸಾ, ಬಳೇಗೆ ಬಿದಿರು ತೂರ್ಸಿ ಗುಂಡಿಗಂಟ ಒರೋ ಕುರ್ಚಿಗೆ ವಾರ ಬೇಕು, ಅಮ್ಮೋರಿಗೆ ಉಸ್ರು ಇನ್ನೂ ಅದಾ, ಇಲ್ಲಾ ಆಗ್ಲೇ ಗ್ವಾಡೆಗೆ ಒರಗ್ಸಿ ಕೂರ್ಸಿದ್ದೀರಾ?"