ಮಲಗಿದ ಚಂದ್ರ

"ಅಗೋ, ಅಲ್ಲದಾನ ನೋಡ ಫರ್ಹಾನಾ!" ರಾಣೆಬೆನ್ನೂರಿನ ಮನೆಯ ಮಾಳಿಗೆಯ ಮೇಲೆ ನಿಂತು ತಾಯಿ ಮೈಮುನಾಬಿ ರಂಜಾನ್ ಹಬ್ಬದ ಚಂದ್ರನತ್ತ ಬೆರಳು ಮಾಡಿದರು. ದುವಾ ಬೇಡಲು ಎತ್ತಿದ ಫರ್ಹಾನಾಳ ಕೈಗಳು ಅಲ್ಲೇ ನಿಂತವು. ಎಳೆಚಂದ್ರ ದೋಣಿಯಂತೆ ಅಂಗಾತ ಮಲಗಿದ್ದ.

ಕಾಲೇಜಿನಲ್ಲಿ ಖಗೋಳ ಕಲಿಸುವ ಅವಳು, ವಿದ್ಯಾರ್ಥಿಗಳು ತಾವು ತೆಗೆದ ಚಂದ್ರನ ಫೋಟೊ ಸೇರಿಸಲೆಂದು ರೂಪಿಸಿದ ಡಿಜಿಟಲ್ ಪೋರ್ಟ್‌ಫೋಲಿಯೊದಲ್ಲಿ ಮಾದರಿಗೆಂದು ಹಾಕಿದ್ದ ಚಂದ್ರ ನೆಟ್ಟಗೆ ನಿಂತಿದ್ದ. ಇಂಟರ್‌ನೆಟ್‌ನಿಂದ ಇಳಿಸಿದ, ಚಂದ್ರ ನಿಂತಂತೆಯೇ ಕಾಣುವ ಉತ್ತರದ ಯಾವುದೋ ದೂರದೇಶದ ಫೋಟೊ ಅದು. ಮೇಡ್ಲೇರಿಯ ವಿದ್ಯಾರ್ಥಿ ಮಾಲತೇಶ ತನ್ನೂರ ಹೊಳೆದಂಡೆಯಲ್ಲಿ ತೆಗೆದು ಕಳಿಸಿದ ಫೋಟೊದಲ್ಲಿ ಚಂದ್ರ ಮಲಗಿದ್ದನೆಂದು ಸೊನ್ನೆ ಕೊಟ್ಟಿದ್ದಳು. "ಫೋನ್ ಸೊಟ್ಟ ಹಿಡದೀಯಲ್ಲೋ" ಎಂದು ಇಡೀ ಕ್ಲಾಸನ್ನು ನಗಿಸಿದ್ದಳು. "ನಮ್ಮೂರಾಗ ಹಿಂಗ ಕಾಣತಾನ್ರೀ ಮೇಡಮ್" ಎಂದವನನ್ನು ಗದರಿಸಿ ಕೂರಿಸಿದ್ದಳು.

ಹುಟ್ಟಿದಾಗಿನಿಂದ ಇದೇ ಮಾಳಿಗೆಯಿಂದ ಇದೇ ಚಂದ್ರನನ್ನು ನೋಡಿದ್ದವಳಿಗೆ ಈಗ ತಲೆ ಎತ್ತಲಾಗಲಿಲ್ಲ.

"ಲಗೂನ ದುವಾ ಮಾಡ, ಮುಳುಗಿಬಿಡತಾನ" ಎಂದರು ತಾಯಿ.

"ತಡೀರಿ ಅಮ್ಮೀ, ಮೊದಲ ಒಬ್ಬಾಂವಗ ಫೋನ್ ಹಚ್ಚಬೇಕು."