ಅರ್ಧ ತಾಸು

ಲಕ್ಷ್ಮೇಶ್ವರದ ಬಜಾರಿನಲ್ಲಿ ಗೋಣೆಪ್ಪನ ಕ್ಷೌರದಂಗಡಿ. ಅರ್ಧ ಮುಖ ಬೋಳಿಸಿಕೊಂಡು, ಇನ್ನರ್ಧಕ್ಕೆ ನೊರೆ ಹಚ್ಚಿಸಿಕೊಂಡು ಮೂಕಪ್ಪ ಊರ ಸುದ್ದಿ ಹೇಳುತ್ತ ಕೂತಿದ್ದಾಗ ಜೇಬಿನ ಫೋನು ಹೊಡೆದುಕೊಂಡಿತು. ಮಗನ ಹೆಸರು ಕಂಡದ್ದೇ ಅವನ ಮಾತು ನಿಂತಿತು. ಸುಭಾಷ ತಾನಾಗಿ ಅಪ್ಪನಿಗೆ ಫೋನು ಮಾಡಿ ವರ್ಷದ ಮೇಲಾಗಿತ್ತು.

“ಅಪ್ಪಾ, ಅವ್ವ ಫೋನ್ ಎತ್ತವಲ್ಲಳು.” ಹುಡುಗನ ದನಿ ನಡುಗುತ್ತಿತ್ತು. “ಪಂಕ್ಚರ್ ಸೊಲ್ಯೂಷನ್ ತಂದೇನಿ. ಕೈಯಾಗ ಐತಿ. ಇನ್ನಾ ಬೂಚ ತಗದಿಲ್ಲ. ಮನ್ಯಾಗ ಒಬ್ಬನ ಅದೀನಿ. ನೀ ಬರ್ತಿಯೇನು?”

“ಬಂದೆ! ಅಲ್ಲೇ ಕುಂಡ್ರು, ಬಂದೆ!”

ಕೊರಳಿನ ಬಟ್ಟೆ ಕಿತ್ತೆಸೆದು ಮೂಕಪ್ಪ ಎದ್ದೇಬಿಟ್ಟ. ಗೋಣೆಪ್ಪ ಕತ್ತಿ ಹಿಡಿದುಕೊಂಡೇ ರಸ್ತೆಗೆ ಓಡಿ ಬಂದ. “ಏ ಮೂಕಣ್ಣ, ಅರ್ಧ ಗಡ್ಡ ಉಳದೈತೋ!”

“ಉಳೀಲಿ ಬಿಡು! ನನ್ನ ಮಗ ನನ್ನ ಕರದಾನೋ ಗೋಣ್ಯಾ, ನನ್ನ!” ಬಜಾರಕ್ಕೆಲ್ಲ ಕೇಳುವಂತೆ ಕೂಗಿ ಅವನು ಬೈಕಿಗೆ ಒದ್ದ.

ತನ್ನೂರು ಶಿಗ್ಲಿಯ ದಾರಿ ಎಂದೂ ಇಷ್ಟು ಉದ್ದವಿರಲಿಲ್ಲ. ನಡುದಾರಿಯಲ್ಲಿ ಕುರಿ ಹಿಂಡೊಂದು ಅಡ್ಡ ಬಂತು. ಮೂಕಪ್ಪ ಹಾರ್ನು ಒತ್ತಿ, ಕೈ ಬೀಸಿ, ಕೊನೆಗೆ ಬೈಕನ್ನು ಹೊಲದ ಬದುವಿಗೆ ಇಳಿಸಿ ಮುಂದೆ ಹೋದ. ಬಾಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ ಮೂರೇ ಮಾತು: “ಬೈಯಬಾರದು, ಕೇಳಬಾರದು, ಬುದ್ಧಿ ಹೇಳಬಾರದು.” ಗದಗಿನ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಕಾವೇರಿ ಮೇಡಂ ಕಲಿಸಿದ್ದು ಅದು. ಹದಿನೇಳರ ಹುಡುಗ ಪಂಕ್ಚರಿನ ಅಂಟು ಮೂಸಿ ಮೂಸಿ ಕಾಲೇಜು ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದಾಗ ಅಲ್ಲಿಗೆ ಕರೆದೊಯ್ದಿದ್ದರು. ಪ್ರತಿ ಗುರುವಾರ ಅಪ್ಪ-ಅವ್ವನೂ ಬರಬೇಕು ಎಂದಾಗ ಮೂಕಪ್ಪ ಜಗಳಕ್ಕೇ ನಿಂತಿದ್ದ. “ಚಟ ಅವಂದು, ಸಾಲಿ ನನಗ್ಯಾಕ್ರಿ ಅಕ್ಕಾರ?”

ಆಕೆ ನಕ್ಕಿದ್ದಳು. “ಆ ಆಸಿ ಅನ್ನೂದು ಹಳ್ಳಕ್ಕ ಸೆಳವು ಬಂದಂಗ್ರಿ ಯಜಮಾನ್ರ. ಅರ್ಧ ತಾಸು ಭರ್ಜರಿ ಹರೀತೈತಿ, ಆಮ್ಯಾಲ ಇಳೀತೈತಿ. ಅಷ್ಟೊತ್ತು ದಂಡಿ ಮ್ಯಾಲ ಬಾಜೂಕ ಕುಂಡ್ರೋರು ಒಬ್ರು ಬೇಕು. ಅವ ಒಬ್ಬನ ಇದ್ರ ಕೊಚ್ಚಿಕೊಂಡು ಹೊಕ್ಕಾನ.”

ಮನೆ ಬಾಗಿಲು ತೆರೆದೇ ಇತ್ತು. ಸುಭಾಷ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಟ್ಯೂಬು ಹಿಡಿದ ಮುಷ್ಟಿ ಬಿಗಿದಿತ್ತು, ಮೈಯೆಲ್ಲ ಬೆವರು. ಅಪ್ಪನ ಮುಖದ ಅರ್ಧ ನೊರೆ ಕಂಡು ಅವನ ತುಟಿ ಒಮ್ಮೆ ಅಲುಗಿತು, ಅಷ್ಟೇ. ‘ಯಾ ಬಾಡ್ಯಾ ಕೊಟ್ಟನಲೇ ಇದನ್ನ’ ಎಂಬ ಮಾತು ಮೂಕಪ್ಪನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದ. ಹೋಗಿ ಪಕ್ಕದಲ್ಲಿ, ನೆಲದ ಮೇಲೇ ಕೂತ.

ಹೆಸರಿಗೆ ಮೂಕಪ್ಪನಾದರೂ ಅವನು ಎಚ್ಚರವಿದ್ದು ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಹುಡುಗನ ಮೊಣಕಾಲು ಗಡಗಡ ನಡುಗಿತು. ಒಮ್ಮೆ ಅವನ ಹೆಬ್ಬೆರಳು ಟ್ಯೂಬಿನ ಬೂಚಿಗೆ ಹೋಯಿತು. ಕಸಿದುಕೊಳ್ಳಲೇ? ಮೂಕಪ್ಪನ ಕೈ ಮುಂದಾಯಿತು. ಆದರೆ ಕಸಿಯಲಿಲ್ಲ, ಆ ನಡುಗುವ ಮೊಣಕಾಲಿನ ಮೇಲೆ ಇಟ್ಟ. ಹೆಬ್ಬೆರಳು ಹಿಂದಕ್ಕೆ ಸರಿಯಿತು.

“ಎದಿ ಮ್ಯಾಲ ಯಾರೋ ಕುಂತಂಗ ಆಗ್ತೈತಿ ಅಪ್ಪಾ,” ಎಂದ ಸುಭಾಷ ನೆಲ ನೋಡುತ್ತ. “ಹೆದರಿಕಿ. ಯಾತಕ್ಕಂತ ಗೊತ್ತಿಲ್ಲ. ನಿನ್ನ ಮುಂದ ಹೇಳಬೇಕಂತ ಮಾಡಿದ್ದೆ. ನಗತಿ ಅಂತ ಹೇಳಲಿಲ್ಲ.”

“ಹೂಂ,” ಎಂದ ಮೂಕಪ್ಪ. ಅದಕ್ಕಿಂತ ಹೆಚ್ಚು ಆಡಿದ್ದರೆ ಅತ್ತುಬಿಡುತ್ತಿದ್ದ.

ಎಷ್ಟು ಹೊತ್ತಾಯಿತೋ. ಮೊಣಕಾಲಿನ ನಡುಕ ನಿಧಾನವಾಗುತ್ತ ಬಂದು ನಿಂತೇಹೋಯಿತು. ಸುಭಾಷ ದೊಡ್ಡದೊಂದು ಉಸಿರುಬಿಟ್ಟು ಮುಷ್ಟಿ ಬಿಚ್ಚಿದ. ಬೂಚು ತೆಗೆಯದ ಟ್ಯೂಬು ಅಪ್ಪನ ಅಂಗೈಗೆ ಬಂತು. “ಇಳೀತಪಾ,” ಎಂದ. ಮೂಕಪ್ಪನಿಗೆ ಎದ್ದು ಓಣಿಯ ಮಂದಿಯನ್ನೆಲ್ಲ ಕೂಗಿ ಕರೆಯಬೇಕೆನಿಸಿತು.

ಅಷ್ಟರಲ್ಲಿ ಹನಮಂತವ್ವ ಏದುಸಿರು ಬಿಡುತ್ತ ಓಡಿ ಬಂದಳು. ಶಾಲೆಯಲ್ಲಿ ಬಿಸಿಯೂಟ ಬಡಿಸಿ ಮುಗಿಸಿದ ಮೇಲೆಯೇ ಅವಳು ಫೋನು ನೋಡಿದ್ದು. ಮಗನ ಕರೆ ನಾಲ್ಕು ಇದ್ದವು. ಅವಳು ಗಂಡನತ್ತ ಕಣ್ಣು ಕೆಕ್ಕರಿಸಿದಳು. “ಬಡದ್ರೇನ್ರಿ ಹುಡುಗನ್ನ?”

ಮೂಕಪ್ಪ ಅಂಗೈ ಚಾಚಿ ಟ್ಯೂಬು ತೋರಿಸಿದ. ಅವಳು ಬೂಚು ನೋಡಿದಳು, ಮಗನ ಮುಖ ನೋಡಿದಳು, ಮತ್ತೆ ಬೂಚು ನೋಡಿದಳು.

“ಅವ್ವಾ,” ಎಂದ ಸುಭಾಷ. “ಹೊಟ್ಟಿ ಹಸದೈತಿ. ರೊಟ್ಟಿ ಮಾಡ್ತಿಯೇನು?”

ತಿಂಗಳುಗಟ್ಟಲೆ ಒಂದೊಂದು ತುತ್ತಿಗೂ ಗೋಗರೆಸಿಕೊಂಡಿದ್ದ ಹುಡುಗ. ಹನಮಂತವ್ವ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಮೂಕಪ್ಪ ಬಾಗಿಲಲ್ಲಿ ನಿಂತು ನೋಡಿದ. ದಿನಾ ಮುನ್ನೂರು ಮಕ್ಕಳಿಗೆ ಬಡಿಸುವ ಕೈ ಅದು, ತಟ್ಟುವಾಗಲೇ ಹರಿದ ಒಂದು ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ಮೊದಲಿನಿಂದ ತಟ್ಟುತ್ತಿತ್ತು.